ಇಂದಿನ ಧಮ್ಮ ಚಿಂತನೆ: ಹಗುರವಾದದ್ದೇ ಅಳತೆ



ಕಾರಿನ ಎಂಜಿನ್ ಬಿಚ್ಚಿ ಮತ್ತೆ ಕಟ್ಟುವಾಗ ಒಳ್ಳೆಯ ಮೆಕ್ಯಾನಿಕ್ ಪಿಸ್ಟನ್‌ಗಳನ್ನು ಒಂದೊಂದಾಗಿ ಗ್ರಾಂ ಲೆಕ್ಕದಲ್ಲಿ ತೂಗುತ್ತಾನೆ. ಎಲ್ಲಕ್ಕಿಂತ ಹಗುರವಾದದ್ದೇ ಅಳತೆ. ಉಳಿದವನ್ನು ಅದಕ್ಕೆ ಸಮವಾಗುವಂತೆ ಉಜ್ಜುತ್ತಾನೆ. ಉಜ್ಜದೆ ಬಿಟ್ಟರೆ ನಿಧಾನ ಓಡುವಾಗ ಏನೂ ತಿಳಿಯದು. ಎಂಜಿನ್ ತಿರುಗುವ ವೇಗ 2 ಪಟ್ಟಾದರೆ ಅಸಮತೋಲನದ ಹೊಡೆತ 4 ಪಟ್ಟು. ಬೇರಿಂಗ್ ಒಳಗೊಳಗೇ ಸವೆಯುತ್ತದೆ.

ನಮ್ಮಲ್ಲೂ ಹಾಗೆಯೇ. ಬುದ್ಧವಂದನೆಯಲ್ಲಿ ಎಲ್ಲರೂ ಒಂದೇ. ಮಕ್ಕಳ ಮದುವೆ ಮಾತು ಬಂದಾಗ ಮಾತ್ರ "ಅವರು ಎಡಗೈಯೋ, ಬಲಗೈಯೋ?" ಎಂಬ ಪ್ರಶ್ನೆಯನ್ನು ನಮ್ಮವರ ಬಾಯಲ್ಲೇ ಕೇಳಿದ್ದೇನೆ.

1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ 9ನೆಯದು ಸಮಾನತೆಯನ್ನು ನಂಬುವುದು; 10ನೆಯದು ಅದಕ್ಕಾಗಿ ಶ್ರಮಿಸುವುದು. ತೂಗಿದರೆ ಸಾಲದು, ಉಜ್ಜಲೂಬೇಕು. ಬಂಧುಗಳೇ, ಇಂದು ನಮ್ಮ ನಮ್ಮ ಹೆಮ್ಮೆಯಿಂದಲೇ ಶುರು ಮಾಡೋಣ.

ಭವತು ಸಬ್ಬ ಮಂಗಲಂ 🌷