ವಾಗಣಗೇರಾದ ಖಾಲಿ ಕೋಟೆ

ಥುಸಿಡಿಡೀಸನ ಇತಿಹಾಸದಲ್ಲಿ ಬರುವ ಮೀಲಾಸಿನ ಸಂವಾದವನ್ನು ನಾನು ಮೊದಲು ಓದಿದ್ದು ತಿಂಥಣಿಯಲ್ಲಿ, ಮೌನೇಶ್ವರನ ಗುಡಿಯ ಹತ್ತಿರ ಕೃಷ್ಣೆಯ ದಂಡೆಯ ಮೇಲೆ ಕೂತು. ಮೌನಪ್ಪನ ಊರಲ್ಲಿ ಗ್ರೀಕರ ವಾದ!

ಕ್ರಿ.ಪೂ. 416. ಅಥೆನ್ಸಿಗೂ ಸ್ಪಾರ್ಟಾಕ್ಕೂ ಹಗೆ ಬೆಳೆದಿದ್ದ ಕಾಲ. ಅಥೆನ್ಸಿನ ಹಡಗುಗಳು ಮೀಲಾಸ್ ಎಂಬ ಪುಟ್ಟ ದ್ವೀಪಕ್ಕೆ ಬಂದು, ಶರಣಾಗಿ ಕಪ್ಪ ಕೊಡಿ, ಇಲ್ಲದಿದ್ದರೆ ಉಳಿಯುವುದಿಲ್ಲ ಎಂದವು. ನ್ಯಾಯದ ಮಾತೇನಿದ್ದರೂ ಸಮಬಲರ ನಡುವೆ ಎಂದು ಬಂದವರು ಮುಚ್ಚುಮರೆಯಿಲ್ಲದೆ ಹೇಳಿದರು. ಮೀಲಾಸಿನವರು ದೇವರನ್ನು ನಂಬಿದರು, ನೆಂಟರಾದ ಸ್ಪಾರ್ಟಾದವರನ್ನು ನಂಬಿದರು, ಒಪ್ಪಲಿಲ್ಲ. ಸ್ಪಾರ್ಟಾ ಬರಲಿಲ್ಲ. ಊರು ಸೋತ ಮೇಲೆ ಸಿಕ್ಕ ಗಂಡಸರನ್ನೆಲ್ಲ ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿದರು.

ಮೊದಲ ಓದಿಗೆ ನನಗೆ ಮೀಲಾಸಿನವರ ಮೇಲೆ ಅಭಿಮಾನ ಉಕ್ಕಿತ್ತು. ಅದಕ್ಕೆ ಕಾರಣ ಗ್ರೀಸಿನಲ್ಲಿರಲಿಲ್ಲ, ನಮ್ಮ ಮನೆಯಲ್ಲಿತ್ತು. ನಾನು ಏಳನೇ ಇಯತ್ತೆಯಲ್ಲಿದ್ದಾಗ, ಬಲಾಢ್ಯ ದಾಯಾದಿಯೊಬ್ಬರು ಒತ್ತಿಕೊಂಡಿದ್ದ ನಾಲ್ಕೆಕರೆ ಹೊಲವನ್ನು ಅಪ್ಪ ಕೋರ್ಟಿಗೂ ಹೋಗದೆ ಬಿಟ್ಟುಕೊಟ್ಟು, ನಮ್ಮನ್ನೆಲ್ಲ ಕರೆದುಕೊಂಡು ಗೌಂಡಿ ಕೆಲಸಕ್ಕೆ ಬೆಂಗಳೂರಿಗೆ ಹೊರಟಿದ್ದ. ಅಪ್ಪ ಹೇಡಿ ಎಂದು ನಾನು ಬಹಳ ವರ್ಷ ನಂಬಿದ್ದೆ.

ನಮ್ಮ ಸುರಪುರ ಸೀಮೆಯಲ್ಲೂ ಒಂದು ಮೀಲಾಸ್ ಆಗಬಹುದಿತ್ತು. 1705ರಲ್ಲಿ, ತೊಂಬತ್ತರ ಹತ್ತಿರದ ಔರಂಗಜೇಬ ತಾನೇ ದಂಡು ಕಟ್ಟಿಕೊಂಡು ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಬೇಡರ ಪಿಡ್ಡನಾಯಕ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಾದಾಡಿದ. ನಡುವೆ ಶರಣಾಗುವ ಮಾತೆತ್ತಿ ಕಾಲ ತಳ್ಳಿದ. ಅದು ಸುಳ್ಳು, ಮರಾಠರ ನೆರವಿಗೆ ಕಾಯುತ್ತಿದ್ದ. ಅವರು ಬಂದರು. ಒಂದು ರಾತ್ರಿ ಎಲ್ಲರೂ ಹೊರಬಿದ್ದರು. ಬೆಳಗ್ಗೆ ಮೊಗಲರಿಗೆ ಸಿಕ್ಕಿದ್ದು ಉರಿಯುತ್ತಿದ್ದ ಖಾಲಿ ಕೋಟೆ. ಬಾದಶಹ ಸಮೀಪದ ದೇವಾಪುರದಲ್ಲಿ ಜಡ್ಡಿಗೆ ಬಿದ್ದ. ಎರಡು ವರ್ಷದೊಳಗೆ ತೀರಿಕೊಂಡ. ನಾಯಕರ ಮನೆತನ ಮುಂದೆ ಸುರಪುರದಿಂದ ಆಳಿತು.

ಹಾಗಾದರೆ ಪಿಡ್ಡನಾಯಕ ಜಾಣ, ಮೀಲಾಸಿನವರು ದಡ್ಡರೇ? ಹಾಗೆನ್ನಲು ನನಗೆ ಬಾಯಿ ಬರುವುದಿಲ್ಲ. ಇವನ ನೆರವು ಬಂತು, ಅವರದು ಬರಲಿಲ್ಲ. ಇವನಿಗೆ ಓಡಲು ಕಾಡುಗುಡ್ಡವಿತ್ತು, ಅವರ ಸುತ್ತ ಸಮುದ್ರ.

ಆದರೆ ಎರಡನೇ ಓದಿನಲ್ಲಿ ಒಂದು ಸಣ್ಣ ಸಂಗತಿ ಕಣ್ಣಿಗೆ ಬಿತ್ತು. ಅಥೆನ್ಸಿನ ದೂತರನ್ನು ಮೀಲಾಸಿನ ಜನರ ಮುಂದೆ ಮಾತಾಡಲು ಬಿಡಲೇ ಇಲ್ಲ. ಅಧಿಕಾರಿಗಳು, ಕೆಲವೇ ಹಿರಿಯರು ಕೂತು ಕೇಳಿದರು, ಉತ್ತರ ಕೊಟ್ಟರು. ಆಮೇಲೆ ಮಾರಾಟವಾದ ಹೆಂಗಸರಲ್ಲಿ ಒಬ್ಬಳನ್ನಾದರೂ, ಏನು ಮಾಡೋಣ ಎಂದು ಯಾರೂ ಕೇಳಿರಲಾರರು. ಮಾನ ಅವರದು, ಬೆಲೆ ಇವರದು. ಪಿಡ್ಡನಾಯಕನೂ ಕೇಳಿದನೋ ಇಲ್ಲವೋ, ಬಿಟ್ಟುಹೋಗಲಂತೂ ಇಲ್ಲ.

ಅಪ್ಪ ಅಂದು ನಮ್ಮನ್ನು ಕೇಳಿರಲಿಲ್ಲ. ಅವ್ವನನ್ನು ಕೇಳಿದ್ದನಂತೆ, ಒಂದು ರಾತ್ರಿಯಿಡೀ. ಇದನ್ನು ಅವ್ವ ಹೇಳಿದ್ದು ಮೊನ್ನೆ ಮೊನ್ನೆ, ಅದೂ ಬೇರೆ ಏನೋ ಮಾತಿನ ನಡುವೆ.

ಹೋದ ದೀಪಾವಳಿಗೆ ಊರಿಗೆ ಬಂದಾಗ ಅಪ್ಪ ಆ ಹೊಲದ ಬದುವಿನ ಮೇಲೆ ಸ್ವಲ್ಪ ಹೊತ್ತು ನಿಂತಿದ್ದ. 'ತೊಗರಿ ಛಲೋ ಬಂದಾದ' ಎಂದ.