ಮಿತಾಕ್ಷರೆಯಲ್ಲಿ ಶಾಸ್ತ್ರ ಮತ್ತು ಲೋಕ

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು, ಬಂಗಾಳದಂಥ ಕೆಲವು ಪ್ರದೇಶಗಳನ್ನು ಬಿಟ್ಟು, ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿಹಕ್ಕನ್ನು ರೂಪಿಸಿದ ಗ್ರಂಥವೆಂದು ಪ್ರಸಿದ್ಧವಾಗಿದೆ. ಪರಂಪರೆಗೆ ನಿಷ್ಠನಾಗಿರುವವನು ಅದರ ವಿಧಿಯೊಂದನ್ನು ಯಾವ ಆಧಾರದ ಮೇಲೆ ಕೈಬಿಡಬಹುದು ಎಂಬ ಪ್ರಶ್ನೆಗೂ ಅದರಲ್ಲಿ ಒಂದು ಧೀರವಾದ ಉತ್ತರವಿದೆ.

ಆ ಪ್ರಶ್ನೆ ಎದುರಾಗುವುದು ದಾಯವಿಭಾಗದ, ಅಂದರೆ ಕುಟುಂಬದ ಆಸ್ತಿಯನ್ನು ಪಾಲು ಮಾಡುವ ಪ್ರಕರಣದಲ್ಲಿ. ಹಿರಿಯ ಮಗನಿಗೆ ಹೆಚ್ಚಿನ ಪಾಲನ್ನು ಎತ್ತಿಡಬೇಕೆಂಬ ‘ಉದ್ಧಾರ’ದ ನಿಯಮವು ಮನುವಿನಂಥ ಸ್ಮೃತಿಕಾರರ ಸಮ್ಮತಿ ಪಡೆದದ್ದು. ವಿಜ್ಞಾನೇಶ್ವರನು ಆ ವಚನಗಳನ್ನು ಅಲ್ಲಗಳೆಯುವುದಿಲ್ಲ, ಅವುಗಳ ಅರ್ಥ ಬೇರೆಯೆಂದು ಸಾಧಿಸಲೂ ಹೊರಡುವುದಿಲ್ಲ. ಅಸಮ ಪಾಲು ಶಾಸ್ತ್ರದಲ್ಲಿ ಇದೆಯೆಂದು ಒಪ್ಪಿಕೊಂಡೇ, ಅದು ‘ಲೋಕವಿದ್ವಿಷ್ಟ’, ಅಂದರೆ ಜನಕ್ಕೆ ಒಲ್ಲದ್ದು, ಆದುದರಿಂದ ಆಚರಿಸತಕ್ಕದ್ದಲ್ಲ ಎನ್ನುತ್ತಾನೆ. ಧರ್ಮಸಮ್ಮತವಾದುದೂ ಲೋಕಕ್ಕೆ ದ್ವೇಷ್ಯವಾದರೆ ಅದನ್ನು ಮಾಡಬಾರದೆಂದು ಯಾಜ್ಞವಲ್ಕ್ಯಸ್ಮೃತಿಯೇ ಹೇಳಿರುವುದರಿಂದ, ಶಾಸ್ತ್ರದ ಒಂದು ವಿಧಿಯನ್ನು ಬಿಡಲು ಬೇಕಾದ ಅನುಮತಿ ಅವನಿಗೆ ಶಾಸ್ತ್ರದೊಳಗೇ ದೊರೆಯುತ್ತದೆ. ವೇದವಿದನಾದ ಅತಿಥಿಗೆ ಎತ್ತನ್ನು ಅರ್ಪಿಸುವ ವಿಧಿಯಾಗಲಿ, ಸಂತಾನಕ್ಕಾಗಿ ವಿಧವೆಯನ್ನು ಮೈದುನನೊಡನೆ ಕೂಡಿಸುವ ನಿಯೋಗವಾಗಲಿ ಗ್ರಂಥದಲ್ಲಿದ್ದರೂ ಆಚರಣೆಯಿಂದ ಮರೆಯಾದುದನ್ನು ಅವನು ದೃಷ್ಟಾಂತವಾಗಿ ನೆನಪಿಸುತ್ತಾನೆ. ಈ ವಿಧಾನದ ಬೆಲೆ ಇರುವುದು ಅದರ ಪ್ರಾಮಾಣಿಕತೆಯಲ್ಲಿ: ಹಿಂದಿನವರು ಹೀಗೆ ಹೇಳಿಯೇ ಇರಲಿಲ್ಲವೆಂಬ ಸುಳ್ಳು ಸಮಾಧಾನಕ್ಕೆ ಅಲ್ಲಿ ಎಡೆಯಿಲ್ಲ.

ಆದರೆ ‘ಲೋಕ’ ಎಂದರೆ ಯಾರು? ಈ ಪ್ರಶ್ನೆಯನ್ನು ಬದಿಗಿಟ್ಟರೆ ಆ ತತ್ತ್ವ ಯಾವ ದಿಕ್ಕಿಗೂ ತಿರುಗಬಲ್ಲದು. ಮಧ್ಯಯುಗದ ನಿಬಂಧಗಳು, ಅಂದರೆ ಸ್ಮೃತಿವಚನಗಳನ್ನು ವಿಷಯಾನುಸಾರ ಒಟ್ಟುಗೂಡಿಸಿದ ಸಂಕಲನಗಳು, ‘ಕಲಿವರ್ಜ್ಯ’ ಎಂಬ ಹೆಸರಿನಲ್ಲಿ ಕಲಿಯುಗಕ್ಕೆ ನಿಷಿದ್ಧವೆಂದು ಸಾರಿದ ಆಚಾರಗಳಲ್ಲಿ ಗೋವಧೆ, ನಿಯೋಗಗಳ ಜೊತೆಗೆ ವಿಧವೆಯ ಮರುಮದುವೆ, ಅಸವರ್ಣ ವಿವಾಹ, ದ್ವಿಜರ ಸಮುದ್ರಯಾನಗಳೂ ಸೇರಿವೆ. ಎಂದರೆ ಹಳೆಯ ಕ್ರೌರ್ಯವನ್ನು ತೊರೆಯಲು ಬಳಕೆಯಾದ ಉಪಾಯವೇ ಹಳೆಯ ಸ್ವಾತಂತ್ರ್ಯವನ್ನು ಕಸಿದುಕೊಳ್ಳಲೂ ಬಳಕೆಯಾಯಿತು. ಮಿತಾಕ್ಷರೆ ಹುಟ್ಟಿದ ಕಲ್ಯಾಣದಲ್ಲಿಯೇ, ಹನ್ನೆರಡನೆಯ ಶತಮಾನದ ನಡುಭಾಗದಲ್ಲಿ, ಶರಣರು ಬೇರೆಯೇ ಲೋಕವನ್ನು ಮುಂದಿಟ್ಟರು. ಪಂಡಿತರ ‘ಲೋಕ’ದಲ್ಲಿ ದನಿಯಿಲ್ಲದ ಸಮಗಾರ, ಮಡಿವಾಳ, ಅಂಬಿಗರು ಅನುಭವದ ಬಲದಿಂದ ಮಾತನಾಡಿದರು, ಸ್ಮೃತಿಯೊಳಗಿನ ಅನುಮತಿಗೆ ಅವರು ಕಾಯಲಿಲ್ಲ. ಬ್ರಾಹ್ಮಣ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ನಡೆದ ಮದುವೆಗೆ ಆ ಇಬ್ಬರು ತಂದೆಯರು ಪ್ರಾಣದಿಂದ ತೆತ್ತ ಬೆಲೆಯನ್ನು ಶರಣ ಪರಂಪರೆ ಇಂದಿಗೂ ಮರೆತಿಲ್ಲ. ಒಳಗಿನಿಂದ ತಿದ್ದುವ ವ್ಯಾಖ್ಯಾನಕಾರನ ದಾರಿ ಎಲ್ಲಿ ನಿಂತುಹೋಗುತ್ತದೆಂಬುದನ್ನು ಈ ಘಟನೆಗಿಂತ ಸ್ಪಷ್ಟವಾಗಿ ತೋರಿಸುವುದು ಬೇರೊಂದಿಲ್ಲ.

ಹಾಗೆಂದು ಆ ದಾರಿ ಬರಡಾಗಿರಲಿಲ್ಲ. ಮಗನು ಹುಟ್ಟಿನಿಂದಲೇ ಕುಟುಂಬದ ಆಸ್ತಿಗೆ ಹಕ್ಕುದಾರನೆಂಬ ಮಿತಾಕ್ಷರೆಯ ‘ಜನ್ಮಸ್ವತ್ವ’ ಸಿದ್ಧಾಂತವನ್ನು 1994ರಲ್ಲಿ ಕರ್ನಾಟಕವು, ಆ ಹೊತ್ತಿಗೆ ಮದುವೆಯಾಗಿದ್ದವರನ್ನು ಹೊರಗಿಟ್ಟು, ಹೆಣ್ಣುಮಕ್ಕಳಿಗೆ ವಿಸ್ತರಿಸಿತು. 2005ರಲ್ಲಿ ಸಂಸತ್ತು ಹಿಂದೂ ಉತ್ತರಾಧಿಕಾರ ಕಾಯ್ದೆಯನ್ನು ತಿದ್ದಿ ಆ ಭೇದವನ್ನೂ ತೆಗೆಯಿತು. ಆ ಹಕ್ಕು ಬರುವುದು ಹುಟ್ಟಿನಿಂದಲೇ ಹೊರತು 2005ರಲ್ಲಿ ತಂದೆ ಬದುಕಿದ್ದನೆಂಬುದರಿಂದಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ವಿಜ್ಞಾನೇಶ್ವರನ ತತ್ತ್ವ ಉಳಿದು, ಅವನು ಹಾಕಿದ ಎಲ್ಲೆ ಮಾತ್ರ ಅಳಿಯಿತು. ಇಷ್ಟಾದರೂ ಅನೇಕ ಮನೆಗಳಲ್ಲಿ ಅರಿಸಿನ ಕುಂಕುಮ, ಸೀರೆ ಕೊಟ್ಟು ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಪಡೆಯುವ ರೂಢಿ ನಿಂತಿಲ್ಲ, ಪಾಲು ಕೇಳಿದವಳು ತವರನ್ನೇ ಕಳೆದುಕೊಳ್ಳುವುದೂ ಉಂಟು; ಇಲ್ಲಿ ಹಕ್ಕನ್ನು ಒಪ್ಪಿರುವುದು ಶಾಸನ, ಅದನ್ನು ದ್ವೇಷಿಸುತ್ತಿರುವುದು ಲೋಕ.