ಕೊನೆಯ ಬಿಂದಿಗೆ ಯಾರಿಗೆ?



ತಾಳವಾಡಿ ಬೆಟ್ಟಸೀಮೆ ತಂಪು ಜಾಗ ಎಂದು ಕೆಳಗಿನ ಬಯಲುಸೀಮೆಯವರು ಹೇಳುವುದುಂಟು. ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಬಂದವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಪಣಕಹಳ್ಳಿಯ ನಮ್ಮ ಮನೆಯ ಕೈತೋಟವನ್ನು ಬಂದು ನೋಡಬೇಕು. ದಾಸವಾಳದ ಎಲೆಗಳು ಜೋತು ಬಿದ್ದಿರುತ್ತವೆ. ಸೇವಂತಿಗೆಯಲ್ಲಿ ಎಲೆ ಬಿಟ್ಟರೆ ಮೊಗ್ಗಿನ ಸುಳಿವಿಲ್ಲ. ಗುಲಾಬಿಯಲ್ಲಿ ಮುಳ್ಳೇ ಹೆಚ್ಚು. ಕಾಗದದ ಹೂವಿನ ಬಳ್ಳಿಯೊಂದೇ ಬೇಲಿಯ ಮೇಲೆ ಕೆಂಪಗೆ ನಗುತ್ತಿರುತ್ತದೆ.

ಕಳೆದ ತಪಸ್ಸುಕಾಲದ ಒಂದು ಮಧ್ಯಾಹ್ನ ನಾನು ಆ ದಾಸವಾಳಕ್ಕೆ ನೀರು ಹೊಯ್ಯುತ್ತಿದ್ದೆ. ಬಾಡಿದ್ದನ್ನು ನೋಡಿ ತಡೆಯಲಾಗದೆ ಎರಡನೆಯ ಬಿಂದಿಗೆಯನ್ನೂ ಬಗ್ಗಿಸಿದ್ದೆ. ಆಗ ಪಕ್ಕದ ಮನೆಯ ದೊಡ್ಡವ್ವ ಖಾಲಿ ಬಿಂದಿಗೆ ಹಿಡಿದು ಬೇಲಿಯ ಬಳಿ ಬಂದರು. "ಮಗ, ನಿಮ್ಮನೇಲಿ ನೀರ್ ಮಿಕ್ಕದಾ? ನಂಗೊಂದ್ ಬಿಂದ್ಗ ಕೊಟ್ಟೀಯಾ?" ಎಂದು ಕೇಳಿದರು. ನಲ್ಲಿಯಲ್ಲಿ ನೀರು ಬಂದು ಎರಡು ದಿನವಾಗಿತ್ತು. ಅವರ ಮಾತಿನಲ್ಲಿ ಕೊಂಕಿರಲಿಲ್ಲ. ನಾನು ಒಳಗಿಂದ ನೀರು ತಂದುಕೊಟ್ಟೆ. ಆದರೆ ದಾಸವಾಳದ ಬುಡದಲ್ಲಿ ಇನ್ನೂ ಇಂಗದೆ ನಿಂತಿದ್ದ ನೀರನ್ನು ಅವರೂ ನೋಡಿದರು, ನಾನೂ ನೋಡಿದೆ.

ಮುಂದಿನ ಭಾನುವಾರ ಬಲಿಪೂಜೆಯ ನಂತರ ನಮ್ಮ ಯುವಜನರ ಸಭೆಯಲ್ಲಿ ಈ ಮಾತು ಬಂತು. "ಕುಡಿಯುವ ನೀರಿಗೇ ಕಷ್ಟವಿರುವಾಗ ಹೂವಿನ ಗಿಡ ಏಕೆ? ಮೇ ತಿಂಗಳಲ್ಲಿ ಮಾತೆಯ ಗವಿಗೆ ಪ್ಲಾಸ್ಟಿಕ್ ಹೂವಿಡೋಣ" ಎಂದ ಒಬ್ಬ ಗೆಳೆಯ. ಅವನ ಮಾತಿನಲ್ಲಿ ನ್ಯಾಯವಿದೆ. ಮನುಷ್ಯನ ಬಾಯಾರಿಕೆಯ ಮುಂದೆ ಹೂವಿನ ಅಂದ ದೊಡ್ಡದಲ್ಲ. ಶುದ್ಧ ಕುಡಿಯುವ ನೀರು ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ.

ಆದರೆ ಅದೇ ಪತ್ರದಲ್ಲಿ ಇನ್ನೊಂದು ಸಂಗತಿಯೂ ಇದೆ. ಅಸ್ಸಿಸಿಯ ಸಂತ ಫ್ರಾನ್ಸಿಸರು ಮಠದ ತೋಟದಲ್ಲಿ ಒಂದು ಭಾಗವನ್ನು ಏನೂ ಬೆಳೆಯದೆ ಕಾಡುಹೂಗಳಿಗೆ ಬಿಡಲು ಹೇಳುತ್ತಿದ್ದರಂತೆ. ಬಡತನವನ್ನೇ ವ್ರತವಾಗಿ ಹಿಡಿದವರು ತರಕಾರಿಯ ಜಾಗದಲ್ಲಿ ಹೂವಿಗೂ ಪಾಲು ಕೊಟ್ಟರು. ಎಲ್ಲ ಅಗತ್ಯಗಳೂ ತೀರಿದ ಮೇಲೆಯೇ ಅಂದಕ್ಕೆ ಜಾಗ ಎನ್ನುವುದಾದರೆ, ಬಡವರ ಮನೆಯಲ್ಲಿ ಎಂದಿಗೂ ಹೂವು ಅರಳುವುದಿಲ್ಲ.

ಇದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ. ಕೆಲವು ದಿನಗಳ ನಂತರ ದೊಡ್ಡವ್ವನ ಮನೆಗೆ ಹೋದಾಗ ಹಿತ್ತಿಲಲ್ಲಿ, ಒಡೆದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಒಂದು ಕನಕಾಂಬರದ ಗಿಡ ಕಂಡೆ. ಮೈತುಂಬ ಹೂವು! "ನೀರು ಎಲ್ಲಿಂದ ದೊಡ್ಡವ್ವ?" ಎಂದೆ. "ಅಕ್ಕಿ ತೊಳ್ದ ನೀರು ಕಣ್ ಮಗ" ಎಂದರು. ನೀರಿಲ್ಲದವರು ಹೂವನ್ನು ಬಿಟ್ಟಿರಲಿಲ್ಲ. ಆದರೆ ಯಾವ ನೀರು ಯಾರ ಪಾಲು ಎಂಬ ಲೆಕ್ಕ ಅವರಿಗೆ ಗೊತ್ತಿತ್ತು. ಬಿ.ಎಸ್ಸಿ. ಓದಿದ ನನಗೆ ಗೊತ್ತಿರಲಿಲ್ಲ.

ಹಾಗೆ ನೋಡಿದರೆ ನಾನು ಓದಿದ್ದನ್ನೂ ಮರೆತಿದ್ದೆ. ಬಿರುಬಿಸಿಲಿನಲ್ಲಿ ಎಲೆಯಿಂದ ಆವಿಯಾಗಿ ಹೋಗುವಷ್ಟು ವೇಗವಾಗಿ ಬೇರು ನೀರನ್ನು ಹೀರಿ ಕಳಿಸಲಾರದು. ಆದ್ದರಿಂದ ಮಣ್ಣಿನಲ್ಲಿ ತೇವವಿದ್ದರೂ ಎಲೆ ಜೋಲುತ್ತದೆ, ಸಂಜೆಯ ಮೇಲೆ ತಾನೇ ಚೇತರಿಸಿಕೊಳ್ಳುತ್ತದೆ. ಬೆಳಿಗ್ಗೆ ಎದ್ದಾಗಲೂ ಬಾಡಿಯೇ ಇದ್ದರೆ ಅದು ನಿಜವಾದ ಬಾಯಾರಿಕೆ. ಕಾಗದದ ಹೂವಿನಲ್ಲಿ ನಾವು ಹೂವೆಂದುಕೊಳ್ಳುವ ಬಣ್ಣದ ಭಾಗ ನಿಜಕ್ಕೂ ಎಲೆಯೇ. ಹೂವು ನಡುವಿನ ಚಿಕ್ಕ ಬಿಳಿ ಕೊಳವೆ. ಅದಕ್ಕೆ ನೀರು ಹೆಚ್ಚಾದರೆ ಎಲೆ ಹೆಚ್ಚುತ್ತದೆ, ಹೂವಲ್ಲ. ಸೇವಂತಿಗೆ ರಾತ್ರಿ ದೀರ್ಘವಾದಾಗ ಮೊಗ್ಗಾಗುವ ಗಿಡ. ಅದು ಈಗ ಬದುಕಿ ಉಳಿದರೆ ಸಾಕು. ಮಲ್ಲಿಗೆಗೆ ಮಾತ್ರ ಇದು ಹೂ ಬಿಡುವ ಕಾಲ, ಅದಕ್ಕೆ ನೀರು ಬೇಕು.

ಅಂದರೆ ಆ ಮಧ್ಯಾಹ್ನ ನಾನು ಹೊಯ್ದ ನೀರು ದಾಸವಾಳದ ಬಾಯಾರಿಕೆಗಲ್ಲ, ನನ್ನ ಮನಸ್ಸಿನ ಕಸಿವಿಸಿಗೆ. ಎದುರಿಗೆ ಬಾಡಿ ನಿಂತದ್ದು ಕಾಣಿಸಿತು. ಗೋಡೆಯಾಚೆ ಖಾಲಿಯಾಗಿದ್ದ ಬಿಂದಿಗೆ ಕಾಣಿಸಲಿಲ್ಲ. ನಮ್ಮ ದಾನಧರ್ಮಗಳೂ ಎಷ್ಟೋ ಸಲ ಹೀಗೆಯೇ ಅಲ್ಲವೇ? ಎದುರಿಗೆ ಬಂದು ಕೈ ಚಾಚಿದವರಿಗೆ ಕೊಡುತ್ತೇವೆ. ಸುಮ್ಮನೆ ಸಹಿಸಿಕೊಂಡಿರುವವರು ನೆನಪಾಗುವುದಿಲ್ಲ.

ತಿಳಿಯದ ಪ್ರೀತಿಯ ಫಲ ನಮ್ಮ ಕಾಡಿನಲ್ಲೇ ಇದೆ. ಅಮೆರಿಕ ಖಂಡದ ಲಂಟಾನವನ್ನು 19ನೇ ಶತಮಾನದಲ್ಲಿ ಬ್ರಿಟಿಷರು ತೋಟದ ಅಂದಕ್ಕೆಂದು ಭಾರತಕ್ಕೆ ತಂದರು. ಅದು ಬೇಲಿ ದಾಟಿ ಸತ್ಯಮಂಗಲದ ಕಾಡಿಗೂ ಹಬ್ಬಿತು. ಅದರ ಪೊದೆಯಡಿ ಹುಲ್ಲು ಬೆಳೆಯುವುದು ಕಷ್ಟ. ನಷ್ಟವಾದದ್ದು ಹುಲ್ಲು ತಿನ್ನುವ ಜಿಂಕೆ, ಆನೆಗಳಿಗೆ. ಹೂವನ್ನು ಪ್ರೀತಿಸಿದ್ದು ತಪ್ಪಲ್ಲ. ಆ ಪ್ರೀತಿಯ ಬೆಲೆ ಯಾರು ತೆರುತ್ತಾರೆ ಎಂದು ಕೇಳದೇ ಹೋದದ್ದು ತಪ್ಪು.

ಈ ಬೇಸಿಗೆ ನಮ್ಮ ಮನೆಯಲ್ಲಿ ಒಂದು ಕ್ರಮವಿದೆ. ನಲ್ಲಿಯ ನೀರು ಮನುಷ್ಯರಿಗೆ, ದನಕರುಗಳಿಗೆ. ಅಕ್ಕಿ, ತರಕಾರಿ ತೊಳೆದ ನೀರು ಗಿಡಗಳಿಗೆ, ಅದೂ ಸಂಜೆಯ ಮೇಲೆ. ಎಲ್ಲದರ ಬುಡಕ್ಕೂ ಒಣ ಎಲೆ, ರಾಗಿ ಹುಲ್ಲಿನ ಹೊದಿಕೆ. ಮೊದಲ ಪಾಲು ಮಲ್ಲಿಗೆಗೆ. ಗುಲಾಬಿಯವರೆಗೆ ನೀರು ತಲುಪದ ದಿನಗಳೇ ಹೆಚ್ಚು. ಅದು ತಂಗಿಯ ಮೊದಲ ಪರಮಪ್ರಸಾದದ ದಿನ ಅವ್ವ ನೆಟ್ಟ ಗಿಡ. "ಅದೊಂದಕ್ಕಾದ್ರೂ ಹಾಕು" ಎಂದರು ಅವ್ವ. ನಾನು ಹಾಕಲಿಲ್ಲ. ಎರಡು ದಿನ ಅವ್ವ ಸರಿಯಾಗಿ ಮಾತಾಡಲಿಲ್ಲ. ನಾನು ಮಾಡಿದ್ದು ನ್ಯಾಯವೆಂದು ಗೊತ್ತು, ಆದರೂ ಹೊಟ್ಟೆಯಲ್ಲಿ ಸಂಕಟವಾಯಿತು. ಸರಿಯಾದದ್ದನ್ನು ಮಾಡಿದಾಗ ನೋವಾಗುವುದೇ ಇಲ್ಲ ಎಂದು ಯಾರೂ ಮಾತು ಕೊಟ್ಟಿಲ್ಲ.

ಮೇ ತಿಂಗಳ ಬಗ್ಗೆ ನಮ್ಮ ಯುವಜನರು ಕೊನೆಗೆ ಹೀಗೆ ತೀರ್ಮಾನಿಸಿದ್ದಾರೆ. ಪ್ಲಾಸ್ಟಿಕ್ ಹೂವು ಬೇಡ. ಹೂವಿಗಾಗಿ ಕುಡಿಯುವ ನೀರನ್ನು ಖರ್ಚು ಮಾಡುವುದೂ ಬೇಡ. ಪ್ರತಿ ಮನೆಯಿಂದ, ಇದ್ದರೆ ಒಂದು ಹೂವು, ಇಲ್ಲದಿದ್ದರೆ ಒಂದು ಹಸಿರು ಕಡ್ಡಿ ತಂದರೆ ಸಾಕು. ತರುವ ಮೊದಲು ಪಕ್ಕದ ಮನೆಯವರನ್ನು ಒಂದು ಮಾತು ಕೇಳಿ: "ನೀರು ಬಂತಾ?"

ನಿನ್ನೆ ಗುಲಾಬಿಯ ಕೊಂಬೆಗಳನ್ನು ಉಗುರಿನಿಂದ ಕೆರೆದು ನೋಡಿದೆ. ಮೇಲಿನವೆಲ್ಲ ಒಣಗಿವೆ. ಬುಡದ ಹತ್ತಿರ ಒಂದು ಕಡೆ ತೊಗಟೆಯ ಕೆಳಗೆ ಹಸಿರಿದೆ. ಅವ್ವನನ್ನು ಕರೆದು ತೋರಿಸಿದೆ. ಇಬ್ಬರೂ ಭರಣಿ ಮಳೆಗೆ ಕಾಯುತ್ತಿದ್ದೇವೆ.